ಹದಿನಾಲ್ಕನೆಯ ಕಲಮು ಮತ್ತು ಕೆಂಟಕಿಯ ವಿಧವೆಯರು

ಅಮೆರಿಕದ ಅಂತರ್ಯುದ್ಧದಲ್ಲಿ ಮಡಿದ ಕಪ್ಪು ಸೈನಿಕರ ವಿಧವೆಯರಿಗೆ ಪಿಂಚಣಿ ದಕ್ಕಿದ ಬಗೆಯನ್ನು ಬರೆಯುವವರು ಸಾಮಾನ್ಯವಾಗಿ ಲಿಂಕನ್ನರ ಒಂದು ಪತ್ರದಿಂದ ಹೊರಡುತ್ತಾರೆ. 1864ರ ಏಪ್ರಿಲ್ 12ರಂದು ಫೋರ್ಟ್ ಪಿಲ್ಲೋದಲ್ಲಿ ಸತ್ತ ಮೇಜರ್ ಬೂತ್‌ನ ಹೆಂಡತಿ ಅಧ್ಯಕ್ಷರನ್ನು ಕಂಡು, ಗಂಡನ ಕೈಕೆಳಗೆ ಹೋರಾಡಿ ಸತ್ತವರ ಹೆಂಡಿರ ಪರವಾಗಿ ಅಹವಾಲು ಹೇಳಿಕೊಂಡಳು. ಲಿಂಕನ್ ಮೇ 19ರಂದು ಸೆನೆಟರ್ ಚಾರ್ಲ್ಸ್ ಸಮ್ನರ್‌ಗೆ ಪತ್ರ ಬರೆದರು. ಜುಲೈ 4ಕ್ಕೆ ಕಾಯ್ದೆಯಾಯಿತು. ಕಥೆ ಚೆನ್ನಾಗಿದೆ. ಆ ಕಾಯ್ದೆಯ 14ನೆಯ ಕಲಮನ್ನು ಕೊನೆಯವರೆಗೂ ಓದಿದರೆ ಮಾತ್ರ ಅದು ನಿಲ್ಲುವುದಿಲ್ಲ.

ಲಿಂಕನ್ ಕೇಳಿದ್ದು ಕಾನೂನಿನ ಮಾನ್ಯತೆಯಿಲ್ಲದ ಈ ಕಪ್ಪು ದಂಪತಿಗಳ ಮದುವೆಗಳನ್ನು ಕಾನೂನುಬದ್ಧವೆಂಬಂತೆಯೇ ಕಾಣಬೇಕೆಂದು. ಕಾಂಗ್ರೆಸ್ ಕೊಟ್ಟದ್ದು ಷರತ್ತುಗಳ ಸರಮಾಲೆ. ಸೈನ್ಯಕ್ಕೆ ಸೇರುವ ಮುಂಚಿನ ಎರಡು ವರ್ಷವಾದರೂ ಇಬ್ಬರೂ ಗಂಡಹೆಂಡಿರಾಗಿ ಬಾಳಿದ್ದರೆಂದು ನಂಬಲರ್ಹ ಸಾಕ್ಷಿಗಳು ಪ್ರಮಾಣಪತ್ರ ಕೊಡಬೇಕು. ಕಪ್ಪು ಜನರ ಮದುವೆಗೆ ಕಾನೂನು ಅವಕಾಶವಿದ್ದ ರಾಜ್ಯದವರಾದರೆ ಮಾಮೂಲಿ ದಾಖಲೆಯೇ ಬೇಕು. ಇವೆರಡನ್ನೂ ಹಿಂದಿನವರು ಗಮನಿಸಿದ್ದಾರೆ. ಬಹುಮಂದಿ ಹಾರಿಸಿಬಿಡುವುದು ಇನ್ನೊಂದು ಷರತ್ತನ್ನು: ವಿಧವೆಯೂ ಮಕ್ಕಳೂ ಸ್ವತಂತ್ರರಾಗಿರಬೇಕು.

ಇದನ್ನು ಔಪಚಾರಿಕ ಮಾತೆಂದು ತಳ್ಳಿಹಾಕುವವರು ಕೆಂಟಕಿಯತ್ತ ನೋಡಬೇಕು. ಆ ರಾಜ್ಯ ಒಕ್ಕೂಟದಲ್ಲೇ ಉಳಿದಿದ್ದರಿಂದ 1863ರ ವಿಮೋಚನಾ ಘೋಷಣೆ ಅದಕ್ಕೆ ಅನ್ವಯಿಸಲಿಲ್ಲ. ಅಲ್ಲಿಂದ 23,000ಕ್ಕೂ ಹೆಚ್ಚು ಕಪ್ಪು ಸೈನಿಕರು ಸೇರಿದರು. ಸೇರಿದವನು ಸ್ವತಂತ್ರನಾದ, ಅವನ ಹೆಂಡತಿ ಮಾತ್ರ ಒಡೆಯನ ಆಸ್ತಿಯಾಗಿಯೇ ಉಳಿದಳು. ಅಂದರೆ ಗಂಡ ರಣರಂಗದಲ್ಲಿ ಸತ್ತರೂ, ಸಾಮಾನ್ಯ ಸಿಪಾಯಿಯ ವಿಧವೆಗೆ 1862ರ ಕಾಯ್ದೆ ಗೊತ್ತುಮಾಡಿದ್ದ ತಿಂಗಳ 8 ಡಾಲರ್ ಅವಳಿಗಿಲ್ಲ. ಪಿಂಚಣಿ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕಿತ್ತೋ ಅವರನ್ನೇ 14ನೆಯ ಕಲಮು ಹೊರಗಿಟ್ಟಿತು.

ಈ ಬಾಗಿಲು ತೆರೆದದ್ದು ವಾಷಿಂಗ್ಟನ್ನಿನ ಔದಾರ್ಯದಿಂದಲ್ಲ, ಕೆಂಟಕಿಯ ಸೈನಿಕ ಶಿಬಿರ ಕ್ಯಾಂಪ್ ನೆಲ್ಸನ್‌ನಲ್ಲಿ ನಡೆದ ಘೋರ ಘಟನೆಯಿಂದ ಎಂಬುದು ನನ್ನ ವಾದ. 1864ರ ನವೆಂಬರ್ ಕೊನೆಯ ಕೊರೆಯುವ ಚಳಿಯಲ್ಲಿ ಬ್ರಿಗೇಡಿಯರ್ ಜನರಲ್ ಸ್ಪೀಡ್ ಫ್ರೈ ಕಪ್ಪು ಸೈನಿಕರ ಕುಟುಂಬಗಳ ಸುಮಾರು 400 ಹೆಂಗಸರು ಮಕ್ಕಳನ್ನು ಶಿಬಿರದಿಂದ ಹೊರದಬ್ಬಿಸಿದ. ಅವರ ಗುಡಿಸಲುಗಳನ್ನು ಕೆಡವಿದರು. ಅವರಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ನವೆಂಬರ್ 26ರಂದು ಸೈನಿಕ ಜೋಸೆಫ್ ಮಿಲ್ಲರ್ ಪ್ರಮಾಣ ಮಾಡಿ ಹೇಳಿಕೆ ಕೊಟ್ಟ. ಮಗನಿಗೆ ಕಾಯಿಲೆ, ಹೊರಗೆ ಕಳಿಸಿದರೆ ಉಳಿಯುವುದಿಲ್ಲವೆಂದು ಕಾವಲುಗಾರನಿಗೆ ಹೇಳಿದ್ದ. ಬಂಡಿ ಹತ್ತದಿದ್ದರೆ ಗುಂಡಿಕ್ಕುವುದಾಗಿ ಬೆದರಿಕೆ ಬಂತು. ರಾತ್ರಿ ಕತ್ತಲಲ್ಲಿ ನಿಕೊಲಸ್‌ವಿಲ್‌ವರೆಗೆ ನಡೆದು ಹೋದಾಗ ಕಪ್ಪು ಜನರ ಹಳೆಯ ಸಭಾಮಂದಿರವೊಂದರಲ್ಲಿ ಹೆಂಡತಿ ಮಕ್ಕಳು ಸಿಕ್ಕರು, ಮಗ ಸತ್ತಿದ್ದ. ಅಂದೇ ಶಿಬಿರಕ್ಕೆ ಹಿಂತಿರುಗಬೇಕಿತ್ತು. ಮರುದಿನ ಮತ್ತೆ ನಡೆದು ಹೋಗಿ ತಾನೇ ಗುಂಡಿ ತೋಡಿ ಮಗುವನ್ನು ಮಣ್ಣುಮಾಡಿದ.

ವಿಮೋಚನೆಯ ಇತಿಹಾಸಕಾರರು ಈ ಹೇಳಿಕೆಯನ್ನು ಚೆನ್ನಾಗಿ ಬಲ್ಲರು. ಪಿಂಚಣಿಯ ಇತಿಹಾಸಕಾರರು ಅದನ್ನು ತಮ್ಮದೆಂದು ಭಾವಿಸಿದ್ದು ಕಡಿಮೆ. ಆದರೆ ಈ ಪ್ರಕರಣ ಎಬ್ಬಿಸಿದ ಕೋಲಾಹಲದ ಬೆನ್ನಿಗೇ 1865ರ ಮಾರ್ಚ್ 3ರ ಕಾಂಗ್ರೆಸ್ಸಿನ ಜಂಟಿ ನಿರ್ಣಯ ಬಂತು. ಅದು ಸೈನಿಕರ ಹೆಂಡತಿ ಮಕ್ಕಳನ್ನು ಸ್ವತಂತ್ರರೆಂದು ಸಾರಿದ್ದಷ್ಟೇ ಅಲ್ಲ, ಹೆಂಡತಿ ಯಾರೆಂದು ತೀರ್ಮಾನಿಸುವ ಹೊಸ ಅಳತೆಯನ್ನೂ ಕೊಟ್ಟಿತು. ಸೈನ್ಯಕ್ಕೆ ಸೇರುವಾಗ ದಂಪತಿಯಾಗಿ ಬಾಳುತ್ತಿದ್ದರೆ ಸಾಕು. ಎರಡು ವರ್ಷದ ಲೆಕ್ಕವಿಲ್ಲ. ನೆರವೇರಿದ ಮದುವೆಶಾಸ್ತ್ರವನ್ನು ಕಾನೂನು ಒಪ್ಪಿತ್ತೋ ಇಲ್ಲವೋ ಎಂಬ ಪ್ರಶ್ನೆಯೂ ಇಲ್ಲ.

ನಿರ್ಣಯದಲ್ಲಿ ಪಿಂಚಣಿಯ ಮಾತಿಲ್ಲ, ಅದರ ಗುರಿ ಸೈನ್ಯಭರ್ತಿ ಎಂಬ ಆಕ್ಷೇಪಕ್ಕೆ ತೂಕವಿದೆ. 1866ರ ಜೂನ್ 6ರ ಪಿಂಚಣಿ ಕಾಯ್ದೆಯ ಮಾತುಗಾರಿಕೆ ಹೆಚ್ಚಾಗಿ 1864ರದ್ದೇ ಎಂಬುದನ್ನೂ ಒಪ್ಪುತ್ತೇನೆ. ಆದರೆ 1866ರಲ್ಲಿ ಬಿದ್ದುಹೋದದ್ದು ಏನು? ಎರಡು ವರ್ಷದ ಅವಧಿ ಮತ್ತು ಸ್ವತಂತ್ರರಾಗಿರಬೇಕೆಂಬ ಷರತ್ತು. ಎರಡನೆಯದನ್ನು ಗುಲಾಮಗಿರಿಯನ್ನು ರದ್ದುಮಾಡಿದ ಹದಿಮೂರನೆಯ ತಿದ್ದುಪಡಿ ಹೇಗೂ ನಿರರ್ಥಕಗೊಳಿಸಿತ್ತು ಎನ್ನಬಹುದು. ಮೊದಲನೆಯದಕ್ಕೆ ಆ ವಿವರಣೆ ಸಾಲದು, 1865ರ ಅಳತೆಯನ್ನು ಲೆಕ್ಕಕ್ಕೆ ತಂದುಕೊಳ್ಳಲೇಬೇಕು.

1866ರ ಕಾಯ್ದೆಯನ್ನು ವಿಜಯವೆಂದು ಹಾಡಿಹೊಗಳಲು ಇದು ಕಾರಣವಲ್ಲ. ಪುರಾವೆ ಪಿಂಚಣಿ ಕಮಿಷನರ್‌ಗೆ ತೃಪ್ತಿಕರವಾಗಿರಬೇಕೆಂದು ಅದು ಹೇಳಿತು. ಅಳತೆಗೋಲು ಅಧಿಕಾರಿಯ ಕೈಗೆ ಹೋಯಿತು. ವಿಶೇಷ ತನಿಖಾಧಿಕಾರಿಗಳು ನೆರೆಹೊರೆಯವರನ್ನು, ಗಂಡನ ಜೊತೆಗಿದ್ದ ಸೈನಿಕರನ್ನು, ಹಳೆಯ ಒಡೆಯರನ್ನೂ ಕೂಡ ಕೇಳತೊಡಗಿದರು. 1882ರ ಆಗಸ್ಟ್ 7ರ ಕಾಯ್ದೆ ವಿಧವೆ ಪರಪುರುಷನೊಡನೆ ಬಹಿರಂಗವಾಗಿ ಬಾಳಿದರೆ ಪಿಂಚಣಿ ನಿಲ್ಲಿಸಬೇಕೆಂದಿತು. ಅದು ಬಿಳಿಯ ವಿಧವೆಯರಿಗೂ ಅನ್ವಯಿಸಿತು ನಿಜ, ಆದರೆ ಕಾಗದವಿಲ್ಲದೆ ಬಾಯಿಮಾತಿನ ಮೇಲೇ ನಿಂತವಳಿಗೆ ಇಂಥ ತನಿಖೆಯ ಪೆಟ್ಟು ಬೇರೆ.

ಥೀಡಾ ಸ್ಕೋಚ್‌ಪೋಲ್ 1992ರಲ್ಲಿ ಈ ಪಿಂಚಣಿಯನ್ನು ಕಲ್ಯಾಣರಾಜ್ಯದ ಆರಂಭಿಕ ರೂಪವಾಗಿ ಓದಿದ್ದು ದೊಡ್ಡ ಕೆಲಸ. ಆದರೆ ವಾಷಿಂಗ್ಟನ್ನಿನ ಎತ್ತರದಿಂದ ಕಾಣುವ ಔದಾರ್ಯ ಕಡತದೊಳಗೆ ಹಾಗೆ ಕಾಣುವುದಿಲ್ಲ. ಎಲಿಜಬೆತ್ ರೆಗೋಸಿನ್, ಬ್ರಾಂಡಿ ಬ್ರಿಮ್ಮರ್ ಅವರಂತೆ ಕಡತಗಳಲ್ಲೇ ಕೂತವರ ಕಡೆಗೆ ನನ್ನ ಒಲವು. ಡೊನಾಲ್ಡ್ ಶಾಫರ್ ತೆಗೆದ ಮಾದರಿಯಲ್ಲಿ ಬಿಳಿಯ ವಿಧವೆಯರ ಅರ್ಜಿಗಳಲ್ಲಿ ಶೇ. 84ರಷ್ಟು ಗೆದ್ದರೆ ಕಪ್ಪು ವಿಧವೆಯರವು ಶೇ. 61ರಷ್ಟು. ಬಡತನ, ಅನಕ್ಷರತೆಗಳ ಪಾಲು ಇದರಲ್ಲಿ ಇದ್ದೇ ಇದೆ. ಆದರೆ ಅವುಗಳನ್ನು ಅನರ್ಹತೆಯಾಗಿ ಮಾರ್ಪಡಿಸುವ ಅಧಿಕಾರವನ್ನು ಕಚೇರಿಗೆ ಕೊಟ್ಟದ್ದು ಕಾಯ್ದೆಯೇ. ಲಿಂಕನ್ನರ ಪತ್ರದಿಂದ ಹೊರಟವರಿಗೆ ಈ ಅಂತರ ಒಳ್ಳೆಯ ಕಾಯ್ದೆಯ ಕೆಟ್ಟ ಜಾರಿಯಾಗಿ ಮಾತ್ರ ಕಾಣುತ್ತದೆ. 14ನೆಯ ಕಲಮಿನಿಂದ ಹೊರಟರೆ ಅದು ಕಾಯ್ದೆಯ ಹುಟ್ಟಿನಲ್ಲೇ ಇತ್ತು.