ಬಾಯಿಗೆ ಬಂದದ್ದು ಹೇಳುವವನು

ದಾರಿ ಎರಡಾಗುವ ಜಾಗದಲ್ಲಿ ಇಬ್ಬರು ನಿಂತಿದ್ದಾರೆ. ಒಬ್ಬ ಯಾವಾಗಲೂ ನಿಜ ಹೇಳುವವ, ಇನ್ನೊಬ್ಬ ಯಾವಾಗಲೂ ಸುಳ್ಳು ಹೇಳುವವ. ಯಾರು ಯಾವನೆಂದು ಗೊತ್ತಿಲ್ಲ. ಒಂದೇ ಪ್ರಶ್ನೆ ಕೇಳಿ ಊರಿನ ದಾರಿ ತಿಳಿಯಬೇಕು. ಈ ಒಗಟನ್ನು ನಾನು ಮೊದಲು ಕೇಳಿದ್ದು ನಮ್ಮ ವಾಚನಾಲಯದ ಕಟ್ಟೆಯ ಮೇಲೆ. ಉತ್ತರ ಹೇಳಿಕೊಟ್ಟವರು ಹಿರಿಯರೊಬ್ಬರು: "'ಊರಿನ ದಾರಿ ಇದೇ ಏನು' ಅಂತ ಕೇಳಿದ್ರ ನೀ ಹೌದು ಅಂತೀಯೇನು?" ಹೀಗೆ ಕೇಳಿದರೆ ಸುಳ್ಳುಗಾರ ತನ್ನ ಸುಳ್ಳಿನ ಮೇಲೆ ಇನ್ನೊಂದು ಸುಳ್ಳು ಹೇಳಬೇಕಾಗಿ, ನಿಜವನ್ನೇ ಹೇಳಿಬಿಡುತ್ತಾನೆ.

ಈ ಜಾತಿಯ ಒಗಟಿಗೆ ದೊಡ್ಡ ಇತಿಹಾಸವಿದೆ. ಮುಂದೆ ತತ್ತ್ವಜ್ಞಾನಿಯೆಂದು ಹೆಸರಾದ ನೆಲ್ಸನ್ ಗುಡ್‌ಮನ್ 1931ರಲ್ಲಿ ಅಮೆರಿಕದ 'ಬೋಸ್ಟನ್ ಪೋಸ್ಟ್' ಪತ್ರಿಕೆಯಲ್ಲಿ ಇಂಥದೊಂದನ್ನು ಅಚ್ಚು ಹಾಕಿಸಿದರು. 1978ರಲ್ಲಿ ರೇಮಂಡ್ ಸ್ಮಲ್ಯನ್ ಒಂದು ಪುಸ್ತಕದ ತುಂಬ ಇಂಥವನ್ನೇ ಬರೆದರು. ಅವರು ತರ್ಕಶಾಸ್ತ್ರಜ್ಞರು, ಜಾದೂಗಾರರೂ ಹೌದು. ಸತ್ಯವಂತ, ಸುಳ್ಳುಗಾರರ ಜೊತೆಗೆ ಒಮ್ಮೆ ನಿಜ, ಒಮ್ಮೆ ಸುಳ್ಳು ಹೇಳುವ ಮೂರನೆಯವನನ್ನೂ ಅವರು ಆ ಪುಸ್ತಕದೊಳಗೆ ತಂದರು. ತೊಡಕು ಶುರುವಾದದ್ದು ಅಲ್ಲೇ.

ಎಂ.ಐ.ಟಿ.ಯ ಪ್ರಾಧ್ಯಾಪಕ ಜಾರ್ಜ್ ಬೂಲೋಸ್ ಆ ತೊಡಕಿನ ತುದಿಯ ಒಗಟೊಂದನ್ನು ಓದುಗರ ಮುಂದಿಟ್ಟರು. ಸ್ಮಲ್ಯನ್ ರೂಪಿಸಿದ್ದೆಂದು ಅವರೇ ಹೇಳಿದ ಆ ಒಗಟು 1992ರಲ್ಲಿ ಇಟಲಿಯ ಪತ್ರಿಕೆಯೊಂದರಲ್ಲಿ, 1996ರಲ್ಲಿ ಇಂಗ್ಲಿಷಿನಲ್ಲಿ ಬಂತು. ಅದೇ ವರ್ಷ ಅವರು ತೀರಿಕೊಂಡರು. ಒಗಟಿನಲ್ಲಿ ಮೂವರು ದೇವರು: ಸತ್ಯದವ, ಸುಳ್ಳಿನವ, ಬಾಯಿಗೆ ಬಂದದ್ದು ಹೇಳುವವ. ಮೂರೇ ಪ್ರಶ್ನೆಯಲ್ಲಿ ಮೂವರನ್ನೂ ಗುರುತಿಸಬೇಕು. ಅವರ ಉತ್ತರ 'ದಾ' ಇಲ್ಲವೆ 'ಜಾ'. ಯಾವುದು ಹೌದು, ಯಾವುದು ಅಲ್ಲ, ನಮಗೆ ತಿಳಿಯದು. ಈ ಭಾಷೆಯ ತೊಡಕು ಸೇರಿಸಿದವರು ಜಾನ್ ಮೆಕಾರ್ಥಿ. ನಮ್ಮ ಗಡಿಯವರಿಗೇನು ಇದು ಹೊಸದಲ್ಲ. ಮರಾಠಿ ಕಚೇರಿಯಲ್ಲಿ 'ಹೋ' ಅಂದಾಗ ಒಪ್ಪಿದರೋ, ಹೋಗು ಅಂದರೋ ಎಂದು ತಿಳಿಯದೆ ನಿಂತವರು ನಮ್ಮಲ್ಲಿ ಇದ್ದಾರ.

ನನಗೆ ಒಗಟು ತಟ್ಟಿದ್ದು ನಮ್ಮ ಹೊಲದ ಬದುವಿನ ತಕರಾರಿನಲ್ಲಿ. ಸಾಕ್ಷಿಗಳಲ್ಲಿ ಒಬ್ಬ ಪ್ರತಿ ಮಾತಿಗೂ ಎದುರಾಳಿಯ ಕಡೆಗೇ ಹೇಳುತ್ತಿದ್ದ. ಅವನ ಮಾತು ತಿರುಗಿಸಿ ನೋಡಿದರೆ ಬದು ಎಲ್ಲಿತ್ತೆಂದು ತಿಳಿಯುತ್ತಿತ್ತು. ಇನ್ನೊಬ್ಬ ಮುದುಕನಿಗೆ ದ್ವೇಷವಿಲ್ಲ, ಆದರೆ ಇಂದು ಹುಣಸೆಮರದ ಆಚೆ ಅಂದರೆ ನಾಳೆ ಈಚೆ. ಅವನನ್ನೇ ಮತ್ತೆ ಮತ್ತೆ ಕೇಳುತ್ತ ನಾನು ಒಂದು ಬೇಸಿಗೆ ಕಳೆದೆ.

ಬೂಲೋಸರ ಪಾಠ ಇಲ್ಲೇ ಇದೆ: ಮೊದಲು ಬಾಯಿಗೆ ಬಂದದ್ದು ಹೇಳದವನೊಬ್ಬನನ್ನು ಹುಡುಕು. ಅವರ ಪ್ರಶ್ನೆ ತೊಡಕಿನದಿತ್ತು. 2008ರಲ್ಲಿ ಬ್ರಯನ್ ರೇಬರ್ನ್, ಲ್ಯಾಂಡನ್ ರೇಬರ್ನ್ ಅದಕ್ಕೊಂದು ಸರಳ ರೂಪ ತೋರಿಸಿದರು. ಎರಡನೆಯ ದೇವರಿಗೆ ಕೇಳು: "ಮೊದಲನೆಯವ ಬಾಯಿಗೆ ಬಂದದ್ದು ಹೇಳುವವನೇನು ಅಂತ ಕೇಳಿದ್ರ ನೀ 'ಜಾ' ಅಂತೀಯೇನು?" 'ಜಾ' ಬಂದರೆ ಮೂರನೆಯವನ ಹತ್ತಿರ ಹೋಗು, 'ದಾ' ಬಂದರೆ ಮೊದಲನೆಯವನ ಹತ್ತಿರ. ಯಾಕಂದ್ರ, ಉತ್ತರ ಕೊಟ್ಟವ ತಾನೇ ಬಾಯಿಗೆ ಬಂದದ್ದು ಹೇಳುವವನಾದರೆ ಉಳಿದಿಬ್ಬರೂ ನಂಬಿಗಸ್ತರು, ಯಾರ ಹತ್ತಿರ ಹೋದರೂ ನಡೀತದ. ಅಲ್ಲವಾದರೆ ಅವನ ಉತ್ತರವೇ ಸರಿಯಾದ ದಾರಿ ತೋರಿಸುತ್ತದೆ.

ಅವನು ಅವನೇ, ಇಲ್ಲವೆ ಅವನಲ್ಲ, ನಡುವೆ ಮೂರನೆಯದಿಲ್ಲ. ಎರಡೂ ಕಡೆಯಿಂದ ಯೋಚಿಸಿದರೆ, ಗೊತ್ತಿಲ್ಲದೆಯೂ ಮುಂದಿನ ಹೆಜ್ಜೆ ಇಡಬಹುದು. ತರ್ಕದ ಈ ನಿಯಮವಿಲ್ಲದೆ ನಮ್ಮ ವಿಚಾರವೇ ಸಾಗದು ಎಂದು ಬೂಲೋಸ್ ಈ ಆಟದ ಒಗಟಿನ ಮೂಲಕ ಹೇಳಿದರು. ಮರುವರ್ಷ ನಾನು ಮುದುಕನಿಗೆ ಬರೇ ನಮಸ್ಕಾರ ಮಾಡಿದೆ. ಬದುವಿನ ಮಾತು ಕೇಳಿದ್ದು ಎದುರಾಳಿಯ ಸಾಕ್ಷಿಯನ್ನು.