ಯಾರ ವಿಳಂಬ? ಪಿ.ಟಿ.ಸಿ.ಎಲ್. ಕಾಯ್ದೆಯಲ್ಲಿ ಕಾಲದ ಲೆಕ್ಕ

ಸರ್ಕಾರದಿಂದ ದಲಿತ ಕುಟುಂಬಗಳಿಗೆ ಮಂಜೂರಾಗಿ, ಆಮೇಲೆ ಕೈತಪ್ಪಿಹೋದ ಜಮೀನುಗಳ ಬಗೆಗಿನ ಚರ್ಚೆ 2017ರ ಅಕ್ಟೋಬರ್ 26ರಿಂದ ಬೇರೆ ಹಾದಿ ಹಿಡಿದಿದೆ. ಆ ದಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಎಸ್.ಎ. ಬೋಬ್ಡೆ ಮತ್ತು ಎಲ್. ನಾಗೇಶ್ವರ ರಾವ್ ಅವರ ಪೀಠ, ನೆಕ್ಕಂಟಿ ಪ್ರಕರಣವೆಂದು ಹೆಸರಾದ ಮೇಲ್ಮನವಿಯಲ್ಲಿ ಒಂದು ಚಿಕ್ಕ ಆದೇಶ ನೀಡಿತು. ಇಂಥ ಜಮೀನುಗಳ ಪರಭಾರೆ ತಡೆಯುವ ಪಿ.ಟಿ.ಸಿ.ಎಲ್. ಕಾಯ್ದೆ ಜಾರಿಯಾಗಿ ಸುಮಾರು 25 ವರ್ಷಗಳಾದ ಮೇಲೆ, ಜಮೀನು ಮರಳಿ ಕೇಳಿ ಹಾಕಿದ ಅರ್ಜಿಯನ್ನು ಪುರಸ್ಕರಿಸಲಾಗದು. ಕಾಯ್ದೆಯಲ್ಲಿ ಕಾಲಮಿತಿ ಹೇಳಿರದಿದ್ದರೂ ‘ಸಮಂಜಸ ಅವಧಿ’ಯೊಳಗೆ ಕ್ರಮ ಆಗಬೇಕು ಎಂಬುದು ಅದರ ಸಾರ. ಅಲ್ಲಿಂದೀಚೆಗೆ ಉಪವಿಭಾಗಾಧಿಕಾರಿಗಳ ಕಚೇರಿಯಿಂದ ಹೈಕೋರ್ಟಿನವರೆಗೆ ಈ ಕಾಯ್ದೆಯ ವ್ಯಾಜ್ಯಗಳಲ್ಲಿ ಮಂಜೂರಾತಿಯ ಷರತ್ತು, ಕ್ರಯಪತ್ರ, ಸ್ವಾಧೀನಗಳ ವಿಚಾರಣೆ ಹಿಂದೆ ಸರಿದಿದೆ. ಅರ್ಜಿದಾರ ಎಷ್ಟು ವರ್ಷ ತಡವಾಗಿ ಬಂದ ಎಂಬ ಒಂದೇ ಪ್ರಶ್ನೆ ಮುಂದೆ ಬಂದು ನಿಂತಿದೆ. ಆ ಪ್ರಶ್ನೆಯನ್ನು ಕೇಳಿರುವ ಬಗೆಯೇ ಸರಿಯಿಲ್ಲ ಎಂಬುದು ಈ ಲೇಖನದ ವಾದ.

ಒಪ್ಪಿತವಾದ ಸಂಗತಿಗಳನ್ನು ಮೊದಲು ಹೇಳಿಬಿಡುತ್ತೇನೆ. ಹಳೆಯ ಮೈಸೂರಿನ ಕಂದಾಯ ನಿಯಮಗಳಲ್ಲಿ ‘ಡಿಪ್ರೆಸ್ಡ್ ಕ್ಲಾಸ್’ ಎಂದು ಕರೆಸಿಕೊಂಡ ಸಮುದಾಯಗಳಿಗೆ ದರಖಾಸ್ತಿನಲ್ಲಿ ಉಚಿತವಾಗಿಯೋ ಕಡಿಮೆ ಬೆಲೆಗೋ ಜಮೀನು ಕೊಡುವಾಗ, ಪರಭಾರೆ ಮಾಡಕೂಡದೆಂಬ ಷರತ್ತು ಹಾಕುತ್ತಿದ್ದರು. ನಿಷೇಧದ ಅವಧಿ ಕಾಲಕಾಲಕ್ಕೆ ಬದಲಾಯಿತು. 1969ರ ಭೂ ಮಂಜೂರಾತಿ ನಿಯಮಗಳಲ್ಲಿ ಅದು 15 ವರ್ಷ. ಷರತ್ತು ಸಾಗುವಳಿ ಚೀಟಿಯಲ್ಲಿ ಉಳಿಯಿತು, ಜಮೀನು ಮಾತ್ರ ಕೈಬದಲಾಗುತ್ತ ಹೋಯಿತು. ಮದುವೆ, ಕಾಯಿಲೆ, ಬರಗಾಲದ ಸಾಲ, ಗೌಡರ ಮನೆಯ ಜೀತದ ಲೆಕ್ಕ, ಹೀಗೆ ಒಂದಲ್ಲ ಒಂದು ಕಾರಣಕ್ಕೆ ಮೊದಲು ಭೋಗ್ಯ, ಆಮೇಲೆ ಕ್ರಯ. ದೇವರಾಜ ಅರಸು ಸರ್ಕಾರ 1978ರಲ್ಲಿ ತಂದು 1979ರ ಜನವರಿ 1ರಿಂದ ಜಾರಿಗೊಳಿಸಿದ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಕೆಲವು ಜಮೀನುಗಳ ಪರಭಾರೆ ನಿಷೇಧ ಕಾಯ್ದೆ ಈ ಹಿನ್ನೆಲೆಯದು. ಊರಿನಲ್ಲಿ ಎಲ್ಲರೂ ಅದನ್ನು ಪಿ.ಟಿ.ಸಿ.ಎಲ್. ಎಂದೇ ಕರೆಯುತ್ತಾರೆ. ಷರತ್ತು ಮುರಿದು ಆದ ಪರಭಾರೆ, ಕಾಯ್ದೆಗೆ ಮೊದಲಿನದಿರಲಿ ಅನಂತರದ್ದಿರಲಿ, ಶೂನ್ಯ ಎನ್ನುತ್ತದೆ ಅದರ 4ನೆಯ ಕಲಂ. ಅಂಥ ಜಮೀನನ್ನು ವಾಪಸು ಪಡೆದು ಮೂಲ ಮಂಜೂರಿದಾರನಿಗೆ ಅಥವಾ ಆತನ ವಾರಸುದಾರರಿಗೆ ಕೊಡುವ ಅಧಿಕಾರವನ್ನು 5ನೆಯ ಕಲಂ ಉಪವಿಭಾಗಾಧಿಕಾರಿಗೆ ವಹಿಸುತ್ತದೆ. ತೋಟಿ, ತಳವಾರಿಕೆಯಂಥ ವಂಶಪಾರಂಪರ್ಯ ಹುದ್ದೆಗಳ ಇನಾಮು ಜಮೀನು ಕಾಯ್ದೆಯ ‘ಮಂಜೂರಾದ ಜಮೀನು’ ಎಂಬ ವ್ಯಾಖ್ಯೆಯಿಂದ ಹೊರಗುಳಿದದ್ದು ದೊಡ್ಡ ಕೊರತೆಯೇ. ಅದು ಬೇರೆ ಲೇಖನದ ವಿಷಯ.

ಕಾಯ್ದೆಯ ಸಿಂಧುತ್ವ ಸುಪ್ರೀಂ ಕೋರ್ಟಿನ 1984ರ ಮಂಚೇಗೌಡ ಪ್ರಕರಣದಲ್ಲಿ ತೀರ್ಮಾನವಾಯಿತು. ಈ ತೀರ್ಪನ್ನು ಕಾಯ್ದೆಯ ಗೆಲುವೆಂದು ಉಲ್ಲೇಖಿಸಿ ಮುಂದೆ ಹೋಗುವುದು ರೂಢಿ. ನನಗೆ ಮುಖ್ಯವಾಗಿ ಕಾಣುವುದು ಅದರಲ್ಲಿರುವ ಒಂದು ವಿನಾಯಿತಿ. ಷರತ್ತು ಮುರಿದು ಕೊಂಡವನಿಗೆ ಸಿಕ್ಕಿದ್ದು ಯಾವಾಗ ಬೇಕಾದರೂ ರದ್ದಾಗಬಹುದಾದ ಹಕ್ಕು. ಅದನ್ನು ಕಾಯ್ದೆ ಕಿತ್ತುಕೊಂಡರೆ ಅನ್ಯಾಯವಿಲ್ಲ ಎಂದ ನ್ಯಾಯಾಲಯ, ಜೊತೆಗೆ ಇನ್ನೊಂದು ಮಾತು ಸೇರಿಸಿತು. ಕಾಯ್ದೆ ಜಾರಿಯಾಗುವ ಮೊದಲೇ ಪ್ರತಿಕೂಲ ಸ್ವಾಧೀನದ ಅವಧಿ ತುಂಬಿ ಯಾರ ಹಕ್ಕು ಪೂರ್ಣವಾಗಿತ್ತೋ ಅವರಿಗೆ ಈ ಕಾಯ್ದೆ ತಟ್ಟದು. ಅಂದರೆ ಕಾಲ ಕಳೆದುದರ ಲಾಭ ಯಾರಿಗೆ ಸಲ್ಲಬೇಕೆಂಬ ಪ್ರಶ್ನೆಗೆ 1984ರಲ್ಲೇ ಉತ್ತರ ಸಿಕ್ಕಿತ್ತು. ಆ ಲೆಕ್ಕ 1979ರ ಜನವರಿ 1ರಿಂದ ಹಿಂದಕ್ಕೆ ಓಡುತ್ತದೆ. 2017ರ ಆದೇಶದ ಲೆಕ್ಕ ಅದೇ ದಿನಾಂಕದಿಂದ ಮುಂದಕ್ಕೆ ಓಡುತ್ತದೆ. ಮೊದಲನೆಯದು ಕಾಯ್ದೆಯ ಗಡಿಯನ್ನು ಗುರುತಿಸುತ್ತದೆ, ಎರಡನೆಯದು ಕಾಯ್ದೆಯ ಆಯುಷ್ಯವನ್ನೇ ಅಳೆಯುತ್ತದೆ. ಇವೆರಡನ್ನೂ ಒಂದೇ ತತ್ತ್ವದ ಎರಡು ಅನ್ವಯಗಳೆಂದು ಓದುವುದು ನನಗೆ ಒಪ್ಪಿಗೆಯಿಲ್ಲ.

ವಿವಾದದ ತಿರುಳಿಗೆ ಬರುತ್ತೇನೆ. ‘ವಿಳಂಬ’ ಎಂಬ ನ್ಯಾಯತತ್ತ್ವಕ್ಕೆ ಒಂದು ಪೂರ್ವಭಾವನೆಯಿದೆ: ತನ್ನ ಹಕ್ಕು ತನಗೆ ಗೊತ್ತಿದ್ದು, ಅದನ್ನು ಕೇಳುವ ದಾರಿ ತೆರೆದಿದ್ದು, ಆದರೂ ಒಬ್ಬ ಸುಮ್ಮನೆ ಕುಳಿತಿದ್ದ. ಇದು ವಾದಿ–ಪ್ರತಿವಾದಿಗಳ ಸಿವಿಲ್ ದಾವೆಯ ಚಿತ್ರ. ಪಿ.ಟಿ.ಸಿ.ಎಲ್. ಕಾಯ್ದೆ ಕಟ್ಟಿರುವ ಚಿತ್ರ ಹೀಗಿಲ್ಲ. 5ನೆಯ ಕಲಮಿನ ಪ್ರಕಾರ ಉಪವಿಭಾಗಾಧಿಕಾರಿ ಕ್ರಮ ಕೈಗೊಳ್ಳಲು ಮೂರು ದಾರಿಗಳಿವೆ. ಸಂಬಂಧಪಟ್ಟವರು ಅರ್ಜಿ ಕೊಡಬಹುದು; ಸಂಬಂಧವೇ ಇಲ್ಲದ ಯಾರಾದರೂ ಬರೆದು ತಿಳಿಸಬಹುದು; ಯಾರೂ ಏನೂ ಹೇಳದಿದ್ದರೂ ಅಧಿಕಾರಿ ತಾನೇ ಎತ್ತಿಕೊಳ್ಳಬಹುದು. ಮೇಲಾಗಿ, ಮಂಜೂರಾದ ಜಮೀನು ಮಂಜೂರಿದಾರನ ಅಥವಾ ವಾರಸುದಾರರ ಕೈಯಲ್ಲಿಲ್ಲದೆ ಬೇರೊಬ್ಬರ ಸ್ವಾಧೀನದಲ್ಲಿ ಕಂಡರೆ, ಶೂನ್ಯ ಪರಭಾರೆಯಿಂದಲೇ ಬಂದದ್ದೆಂದು ಭಾವಿಸಬೇಕು; ಅಲ್ಲವೆಂದು ತೋರಿಸುವ ಹೊಣೆ ಸ್ವಾಧೀನದಲ್ಲಿರುವವರದು. ಮಂಜೂರಿದಾರ ಬಾಯಿಬಿಡಲಾರ ಎಂಬ ತಿಳಿವಳಿಕೆಯಿಂದಲೇ ಶಾಸಕರು ಹೀಗೆ ಬರೆದರು. ಬಡತನ, ಅರಿವಿಲ್ಲದಿರುವಿಕೆ, ಬಲ್ಲಿದರ ಒತ್ತಡ, ಇವು ಕಾಯ್ದೆಯ ಉದ್ದೇಶಗಳ ಹೇಳಿಕೆಯಲ್ಲೇ ಬರುವ ಮಾತುಗಳು. ಯಾವ ಮೌನವನ್ನು ಕಂಡು ಕಾಯ್ದೆ ಹುಟ್ಟಿತೋ ಅದೇ ಮೌನವನ್ನು ತಪ್ಪೆಂದು ಎಣಿಸಿ ಪರಿಹಾರ ನಿರಾಕರಿಸುವುದು ಹೇಗೆ ಸರಿ?

ನೆಕ್ಕಂಟಿ ಆದೇಶ ಸ್ವಯಂಪ್ರೇರಿತ ಕ್ರಮಕ್ಕೂ ಸಮಂಜಸ ಅವಧಿ ಅನ್ವಯಿಸುತ್ತದೆ ಎಂದಿರುವುದು ನಿಜ. ನನ್ನ ವಾದಕ್ಕೆ ಎದುರಾಗುವ ಗಟ್ಟಿ ಆಕ್ಷೇಪಣೆ ಇದೇ. ಅಧಿಕಾರಿಯೂ ಕಾಲಕ್ಕೆ ಬದ್ಧ ಎಂದ ಮೇಲೆ ಹೊಣೆ ಯಾರದೆಂಬ ಚರ್ಚೆಯೇ ಏಕೆ ಎಂದು ಕೇಳಬಹುದು. ಉತ್ತರ 6ನೆಯ ಕಲಮಿನಲ್ಲಿದೆ ಎಂದು ನನ್ನ ನಂಬಿಕೆ. ಈ ಚರ್ಚೆಯಲ್ಲಿ ಅದಕ್ಕೆ ಸಲ್ಲಬೇಕಾದ ಗಮನ ಸಂದಿಲ್ಲ. ಮಂಜೂರಾತಿ ಜಮೀನುಗಳ ಪಟ್ಟಿ ನೋಂದಣಿ ಅಧಿಕಾರಿಗೆ ತಲುಪಬೇಕು, ಆ ಪಟ್ಟಿಯಲ್ಲಿರುವ ಜಮೀನಿನ ಪತ್ರವನ್ನು ಕಾಯ್ದೆಗೆ ಅನುಗುಣವಾಗಿದ್ದರೆ ಮಾತ್ರ ನೋಂದಾಯಿಸಬೇಕು ಎಂಬ ಏರ್ಪಾಡು ಅದರದು. ಸರ್ಕಾರ ಮಂಜೂರು ಮಾಡಿದ ಜಮೀನು ಯಾವುದೆಂಬುದು ಸರ್ಕಾರದ ಕಡತದಲ್ಲೇ ಇರುವಾಗ, ಪಟ್ಟಿ ಮಾಡುವ ಕೆಲಸ ಮಂಜೂರಿದಾರನದಾಗಲು ಸಾಧ್ಯವೇ ಇಲ್ಲ. ಪಟ್ಟಿ ಹೋಗಿದ್ದರೆ 1979ರ ನಂತರದ ಕ್ರಯಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯ ಬಾಗಿಲಲ್ಲೇ ನಿಲ್ಲುತ್ತಿತ್ತು. ಹೋಗದಿದ್ದಲ್ಲಿ, ಅದೇ ಸರ್ಕಾರದ ಒಂದು ಕಚೇರಿ ಮುದ್ರೆ ಒತ್ತಿತು, ಇನ್ನೊಂದು ಕಚೇರಿ ಖಾತೆ ಬದಲಾಯಿಸಿತು, ಪಹಣಿಯಲ್ಲಿ ಕೊಂಡವರ ಹೆಸರು ಏರಿತು. ಇಪ್ಪತ್ತೈದು ವರ್ಷಗಳ ಬಳಿಕ ಇವೇ ದಾಖಲೆಗಳು ಕೊಂಡವರ ಪರವಾಗಿ ಸಾಕ್ಷ್ಯವಾಗುತ್ತವೆ.

ಆದ್ದರಿಂದ ನಾನು ಹೇಳಬಯಸುವುದು ಇಷ್ಟು: ಈ ಕಾಯ್ದೆಯಡಿ ಎಣಿಸಲಾಗುತ್ತಿರುವ ವರ್ಷಗಳಲ್ಲಿ ಬಹುಪಾಲು ಆಡಳಿತ ಕರ್ತವ್ಯ ಮಾಡದೆ ಕಳೆದ ವರ್ಷಗಳು, ಅವನ್ನು ಮಂಜೂರಿದಾರನ ಖಾತೆಗೆ ಬರೆಯುವುದು ಕಾಯ್ದೆಯ ರಚನೆಗೆ ವಿರುದ್ಧ.

ಈ ಮಾತಿಗೆ ಮಿತಿಗಳಿವೆ. 6ನೆಯ ಕಲಂ ಕಾಯ್ದೆಯ ನಂತರದ ನೋಂದಣಿಗಷ್ಟೇ ಸಂಬಂಧಿಸಿದ್ದು. 1979ಕ್ಕೆ ಮೊದಲಿನ ಕ್ರಯಗಳ ವಿಷಯದಲ್ಲಿ ನನ್ನ ವಾದ 5ನೆಯ ಕಲಮನ್ನು ಮಾತ್ರ ಆತುಕೊಂಡಿದೆ, ಅಷ್ಟರಮಟ್ಟಿಗೆ ಅದು ದುರ್ಬಲ. ಎಲ್ಲ ಅರ್ಜಿದಾರರೂ ಅರಿವಿಲ್ಲದವರಲ್ಲ. ಬೆಂಗಳೂರಿನ ಸುತ್ತಲಿನ ತಾಲ್ಲೂಕುಗಳಲ್ಲಿ ಜಮೀನಿನ ಬೆಲೆ ಏರಿದ ಮೇಲೆ ವಾರಸುದಾರರನ್ನು ಮುಂದಿಟ್ಟುಕೊಂಡು ಮೂರನೆಯವರು ಹಣ ಹೂಡಿ ವ್ಯಾಜ್ಯ ನಡೆಸುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಕೊಂಡವರೆಲ್ಲ ಜಮೀನ್ದಾರರೂ ಅಲ್ಲ. ಎರಡೆಕರೆ ಕೊಂಡು ಬಾವಿ ತೋಡಿ ತೆಂಗು ಹಾಕಿದ ಬಡ ಒಕ್ಕಲಿಗನೋ ಕುರುಬನೋ ಇರಬಹುದು. ಅವನ ಕಷ್ಟ ಸುಳ್ಳಲ್ಲ. ಆದರೆ ಅವನನ್ನು ಕಾಪಾಡಲು ಕಾಲದ ಲೆಕ್ಕ ತಪ್ಪು ಸಾಧನ. ನೂರು ಎಕರೆಯ ಒಡೆಯನಿಗೂ ಎರಡೆಕರೆಯವನಿಗೂ ವರ್ಷಗಳು ಒಂದೇ ಸಮನೆ ಉರುಳುತ್ತವೆ. ನೆರೆಯ ಆಂಧ್ರಪ್ರದೇಶದ 1977ರ ಕಾಯ್ದೆ ಇದನ್ನು ಬೇರೆ ರೀತಿಯಲ್ಲಿ ಬಗೆಹರಿಸಿತ್ತು. ಕಾಯ್ದೆಗೆ ಮೊದಲೇ ಸದುದ್ದೇಶದಿಂದ ಬೆಲೆ ಕೊಟ್ಟು ಕೊಂಡು, ಉಳುಮೆಗೋ ಮನೆ ನಿವೇಶನಕ್ಕೋ ಸ್ವಾಧೀನದಲ್ಲಿಟ್ಟುಕೊಂಡಿದ್ದ ಭೂಹೀನ ಬಡವರಿಗೆ ಅದು ವಿನಾಯಿತಿ ಕೊಟ್ಟಿತು. ಯಾರು ಕೊಂಡರು ಎಂದು ಅದು ಕೇಳಿತು. ನಾವು ಎಷ್ಟು ವರ್ಷವಾಯಿತು ಎಂದು ಕೇಳುತ್ತಿದ್ದೇವೆ.

ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ದಲಿತ ಸಂಘಟನೆಗಳು ತಿಂಗಳುಗಟ್ಟಲೆ ಧರಣಿ ಕುಳಿತ ಮೇಲೆ, 2023ರ ಜುಲೈನಲ್ಲಿ ವಿಧಾನಮಂಡಲ ತಿದ್ದುಪಡಿ ತಂದಿತು. ಬೇರೆ ಕಾನೂನಿನಲ್ಲಿ ಏನೇ ಇದ್ದರೂ ಈ ಕಾಯ್ದೆಯನ್ನು ಬಳಸಲು ಕಾಲಮಿತಿ ಇಲ್ಲ, ಬಾಕಿ ಇರುವ ಪ್ರಕರಣಗಳಿಗೂ ಇದು ಅನ್ವಯ ಎಂದು 5ನೆಯ ಕಲಮಿಗೆ ಸೇರಿಸಲಾಯಿತು. ಅಲ್ಲಿಗೆ ವಿವಾದ ಮುಗಿಯಿತೆಂದು ಹಲವರು ಭಾವಿಸಿದರು. ಮುಗಿಯಲಿಲ್ಲ. 2024ರ ಜುಲೈನಲ್ಲಿ ಹೈಕೋರ್ಟಿನ ವಿಭಾಗೀಯ ಪೀಠವೊಂದು, ಕಾಲಮಿತಿ ಬೇರೆ, ವಿಳಂಬ ಬೇರೆ ಎಂದಿತು. ಮೂಲ ಕಾಯ್ದೆಯಲ್ಲೂ ಕಾಲಮಿತಿ ಇರಲಿಲ್ಲ. ಇಲ್ಲದ್ದನ್ನು ಇಲ್ಲವೆಂದು ಹೇಳಿದ ಮಾತ್ರಕ್ಕೆ ವಿಳಂಬದ ತತ್ತ್ವ ಬಿದ್ದುಹೋಗದು ಎಂಬುದು ಅದರ ತರ್ಕ. ಪದಗಳ ಮಟ್ಟದಲ್ಲಿ ಈ ತರ್ಕಕ್ಕೆ ಉತ್ತರ ಹೇಳುವುದು ಸುಲಭವಲ್ಲ ಎಂದು ಒಪ್ಪುತ್ತೇನೆ. ಕರಡು ಬರೆದವರು ಕಾಲಮಿತಿಯ ಜೊತೆಗೆ ವಿಳಂಬವನ್ನೂ ಹೆಸರಿಸಬೇಕಿತ್ತು. ಆದರೆ ತಿದ್ದುಪಡಿ ಯಾವ ತೊಡಕನ್ನು ನಿವಾರಿಸಲು ಬಂತೆಂಬುದು ಸದನಕ್ಕೂ ಬೀದಿಗೂ ಗೊತ್ತಿತ್ತು. ಏನನ್ನೂ ಬದಲಿಸದ ಮಾತನ್ನು ಶಾಸಕಾಂಗ ಕಾಯ್ದೆಗೆ ಸೇರಿಸಿತು ಎಂದು ಓದುವುದಕ್ಕಿಂತ, ಸಮಂಜಸ ಅವಧಿಯ ಹೆಸರಿನಲ್ಲಿ ಒಳಬಂದ ಕಾಲಮಿತಿಯನ್ನು ಅದು ಹೊರಹಾಕಿತು ಎಂದು ಓದುವುದೇ ಹೆಚ್ಚು ನ್ಯಾಯಯುತ.

ಇನ್ನೂ ತೀರದ ಪ್ರಶ್ನೆಗಳಿವೆ. ಬಡಾವಣೆಗಳಾಗಿ, ನಿವೇಶನಗಳಾಗಿ ಹತ್ತಾರು ಕೈ ದಾಟಿದ ಜಮೀನಿನಲ್ಲಿ ಮರಳಿಸುವುದೆಂದರೆ ಏನು, ಅಲ್ಲಿ ಬದಲಿ ಭೂಮಿಯೋ ಪರಿಹಾರವೋ ಸಾಕೇ ಎಂಬುದನ್ನು ನಾನು ಇಲ್ಲಿ ಮುಟ್ಟಿಲ್ಲ. ಅದಕ್ಕಿಂತ ಮೊದಲು ಆಗಬೇಕಾದ ಕೆಲಸ ಒಂದಿದೆ. 6ನೆಯ ಕಲಮಿನ ಪಟ್ಟಿ ಯಾವ ತಾಲ್ಲೂಕಿನಲ್ಲಿ, ಯಾವ ವರ್ಷ, ಎಷ್ಟು ಸರ್ವೆ ನಂಬರುಗಳಿಗೆ ತಯಾರಾಗಿ ನೋಂದಣಿ ಕಚೇರಿಗೆ ಹೋಯಿತು ಎಂಬುದನ್ನು ತಹಸೀಲ್ದಾರ್ ಕಚೇರಿಗಳ ದಾಖಲೆ ಕೋಣೆಗಳಲ್ಲಿ ಹುಡುಕಿ ತೆಗೆಯಬೇಕು. ನನ್ನ ವಾದ ನಿಲ್ಲುವುದೂ ಬೀಳುವುದೂ ಆ ಕಡತಗಳ ಮೇಲೆ. ಮಾಹಿತಿ ಹಕ್ಕಿನ ಅರ್ಜಿ ಹಾಕಿ ಒಂದೊಂದು ತಾಲ್ಲೂಕನ್ನು ಎತ್ತಿಕೊಳ್ಳುವಂತೆ ಈ ಕ್ಷೇತ್ರದ ಕಿರಿಯ ಸಂಶೋಧಕರನ್ನು ಕೇಳಿಕೊಳ್ಳುತ್ತೇನೆ.