ಮರವಡೆಯ ಅಳಣಿ, ಗೌಲಿ ಮತ್ತು ಒಂದು ಹೋಳು ನಿಂಬೆ

ಗಲ್ಫಿನಲ್ಲಿ ದುಡಿದು ಬಂದ ನಮ್ಮವರಿಗೆಲ್ಲ ಶೋರ್ಬಾ ಗೊತ್ತು. ಇಫ್ತಾರಿಗೆ ಕೋಳಿಯ ತಿಳಿಸಾರು, ಅದರಲ್ಲಿ ಸಣ್ಣ ಶಾವಿಗೆಯ ಚೂರು, ಬದಿಯಲ್ಲಿ ಹಿಂಡಿಕೊಳ್ಳಲು ಒಂದು ಹೋಳು ನಿಂಬೆ. ಅರಬರು ಆ ಶಾವಿಗೆಗೆ ಶಾರಿಯಾ ಎನ್ನುತ್ತಾರೆ. ಕೂದಲು ಎಂಬ ಅರ್ಥದ ಪದದಿಂದ ಬಂದ ಹೆಸರು ಅದು. ಊರಿನ ಮಕ್ಕಳು ಹೆಚ್ಚುಕಡಿಮೆ ಇದನ್ನೇ ಚಿಕನ್ ಪಾಸ್ತಾ ಸೂಪ್ ಎಂದು ಹೋಟೆಲಿನಲ್ಲಿ ಕೇಳುತ್ತಾರೆ. ಒಬ್ಬರಿಗೆ ಇದು ಅರಬರ ಅಡುಗೆ, ಇನ್ನೊಬ್ಬರಿಗೆ ಇಟಲಿಯ ಅಡುಗೆ. ನಮ್ಮದು ಎನ್ನುವವರು ಯಾರೂ ಇಲ್ಲ. ನಮ್ಮದೂ ಹೌದು ಎನ್ನುವುದಕ್ಕೆ ನನಗೆ ಕಾರಣ ಸಿಕ್ಕಿದ್ದು ಕರಾವಳಿಯಲ್ಲಿ ಅಲ್ಲ, ಸೊಲ್ಲಾಪುರ ಜಿಲ್ಲೆಯ ಮರವಡೆಯಲ್ಲಿ.

ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ ಮೇಲೆ ಆ ಭಾಗದ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಎರಡು ಹಂಗಾಮು ಕೆಲಸ ಮಾಡಿದೆ. ಮರವಡೆಯಲ್ಲಿ ಬಾಡಿಗೆ ಕೋಣೆ. ಮರವಡೆ ಇರುವುದು ಮಂಗಳವೇಡೆ ತಾಲೂಕಿನಲ್ಲಿ. ಮಂಗಳವೇಡೆ ಎಂದರೆ 12ನೇ ಶತಮಾನದ ಕಲಚುರಿ ಬಿಜ್ಜಳನ ಊರು. ಬಸವಣ್ಣನವರು ಕಲ್ಯಾಣಕ್ಕೆ ಹೋಗುವ ಮೊದಲು ಇಲ್ಲಿದ್ದರು ಎನ್ನುತ್ತಾರೆ. ಪೂರ್ವಕ್ಕೆ ಅಕ್ಕಲಕೋಟೆ, 1948ರವರೆಗೆ ಭೋಸಲೆ ಮನೆತನದ ಸಂಸ್ಥಾನ. 1956ರಲ್ಲಿ ಭಾಷೆ ನೋಡಿ ರಾಜ್ಯಗಳನ್ನು ವಿಂಗಡಿಸಿದಾಗ ಈ ಸೀಮೆ ಮುಂಬೈ ರಾಜ್ಯದಲ್ಲಿ ಉಳಿಯಿತು, 1960ರಲ್ಲಿ ಮಹಾರಾಷ್ಟ್ರವಾಯಿತು. ಸಂತೆಯಲ್ಲಿ ನಿಂತರೆ ಕನ್ನಡ, ಮರಾಠಿ, ದಖನಿ ಮೂರೂ ಕಿವಿಗೆ ಬೀಳುತ್ತವೆ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಒಂದು, ಅಂಗಡಿಯಲ್ಲಿ ಇನ್ನೊಂದು. ಬ್ಯಾರಿಗಳಾದ ನಮಗೆ ಇದು ಹೊಸದಲ್ಲ.

ಕೋಣೆ ಕೊಟ್ಟಿದ್ದ ಮನೆ ದಖನಿ ಮಾತಾಡುವ ಮುಸ್ಲಿಂ ಕುಟುಂಬದ್ದು. ಆ ಮನೆಯ ಹಿರಿಯರನ್ನು ನಾನೂ ಮೊಮ್ಮಕ್ಕಳಂತೆ ನಾನಿಮಾ ಎಂದೇ ಕರೆಯುತ್ತಿದ್ದೆ. ನನ್ನ ಜೊತೆ ಅವರು ಮಾತಾಡುತ್ತಿದ್ದುದು ಆ ಕಡೆಯ ಕನ್ನಡ. ಜವಾರಿ ಕೋಳಿ ಬೇಯಿಸಿದ ದಿನ ಮೊದಲು ಅರಿಸಿನ, ಉಪ್ಪು, ಈರುಳ್ಳಿ, ಶುಂಠಿ, ಬೆಳ್ಳುಳ್ಳಿ ಇಷ್ಟೇ ಹಾಕಿ ಕುದಿಸುತ್ತಿದ್ದರು. ಆ ನೀರನ್ನು ತೆಗೆದು ಮಕ್ಕಳಿಗೆ, ಮುದುಕರಿಗೆ, ಬಾಣಂತಿಗೆ, ಜ್ವರ ಬಂದವರಿಗೆ ಕೊಟ್ಟ ಮೇಲೆಯೇ ಉಳಿದದ್ದಕ್ಕೆ ಖಾರ, ಮಸಾಲೆ ಬಿದ್ದು ಕೆಂಪು ರಸ್ಸಾ ಆಗುವುದು. "ಬೇಟಾ, ಇದು ಹೊಟ್ಟಿಗೆ ಹಗುರ, ಮೊದಲ ಇದನ್ನ ಕುಡಿ. ಖಾರದ್ದು ಆಮ್ಯಾಲೆ" ಎನ್ನುತ್ತಿದ್ದರು.

ಈ ತಿಳಿಸಾರಿಗೆ ಮರಾಠಿಯಲ್ಲಿ ಅಳಣಿ ಎಂದು ಹೆಸರು. ಪದದ ಅರ್ಥ ಉಪ್ಪಿಲ್ಲದ್ದು ಎಂದಾದರೂ ಉಪ್ಪು ಹಾಕುತ್ತಾರೆ, ಇಲ್ಲದಿರುವುದು ಖಾರ ಮಾತ್ರ. ಇದನ್ನೇ ದಖನಿ ಮನೆಗಳು ಯಖನಿ ಎನ್ನುತ್ತವೆ, ಅದು ಪಾರ್ಸಿಯಿಂದ ಬಂದ ಪದ. ಒಂದೇ ಓಣಿಯಲ್ಲಿ ಹೆಸರು ಎರಡು, ಪಾತ್ರೆಯಲ್ಲಿರುವುದು ಒಂದೇ.

ಇನ್ನು ಶಾವಿಗೆ. ಅದು ಜೋಳದ ಸೀಮೆ, ದಿನದ ಊಟಕ್ಕೆ ಜೋಳದ ರೊಟ್ಟಿ. ಗೋಧಿ ಹಬ್ಬಕ್ಕೆ, ಮದುವೆಗೆ. ಬೇಸಿಗೆ ಬಂತೆಂದರೆ ಓಣಿಯ ಹೆಂಗಸರು ಒಟ್ಟು ಸೇರಿ ವರ್ಷಕ್ಕಾಗುವಷ್ಟು ಶಾವಿಗೆ ಹೊಸೆದು, ಕೋಲಿನ ಮೇಲೆ ಇಳಿಬಿಟ್ಟು ಒಣಗಿಸುತ್ತಿದ್ದರು. ಶಾವಿಗೆ ಮಣೆಯ ಮೇಲೆ ಸಾಲಾಗಿ ಸಣ್ಣ ಗೀರುಗಳಿರುತ್ತವೆ. ಹಿಟ್ಟನ್ನು ಅಂಗೈಯಿಂದ ಒತ್ತಿ ತಿಕ್ಕಿದರೆ ಎಳೆ ಎಳೆಯಾಗಿ ಕೆಳಗಿಳಿಯುತ್ತದೆ. ಕಾರ್ಖಾನೆಯಲ್ಲಿ ಕಬ್ಬು ಅರೆಯುವ ರೋಲರಿನ ಗೀರುಗಳನ್ನು ದಿನವೂ ನೋಡುತ್ತಿದ್ದ ನನಗೆ ಆ ಮಣೆ ಒಂದು ಯಂತ್ರವಾಗಿಯೇ ಕಂಡಿತು. ಒತ್ತಡ ಎಷ್ಟು, ಹಿಟ್ಟಿನ ಹದ ಎಷ್ಟು ಎಂಬ ಲೆಕ್ಕ ಮಾತ್ರ ಆ ಹೆಂಗಸರ ಕೈಯಲ್ಲಿತ್ತು.

ಶಾವಿಗೆಗಿಂತ ನನಗೆ ಹಿಡಿಸಿದ್ದು ಗೌಲಿ. ಹಿಟ್ಟನ್ನು ತೆಳ್ಳಗೆ ಹೊಸೆದು, ಎರಡು ಬೆರಳಲ್ಲಿ ಚಿವುಟಿ ಚಿವುಟಿ ಅಕ್ಕಿಕಾಳಿನಷ್ಟು ಮಾಡಿ ಒಣಗಿಸುವುದು. ಇಟಲಿಯವರು ಸೂಪಿಗೆ ಹಾಕುವ ಓರ್ಜೋ ಪಾಸ್ತಾ ನೋಡಿದ್ದೀರಲ್ಲ, ಪಕ್ಕದಲ್ಲಿಟ್ಟರೆ ಅಣ್ಣತಮ್ಮಂದಿರ ಹಾಗಿರುತ್ತವೆ. ಗೋಧಿಯ ಜಾತಿಯೂ ಹತ್ತಿರದ್ದೇ. ಇಟಲಿಯ ಪಾಸ್ತಾಕ್ಕೆ ಬೇಕಾದ ಡ್ಯೂರಮ್ ಗೋಧಿಯೇ ಇಲ್ಲಿನ ಬನ್ಸಿ. ಇನ್ನೊಂದು ಗಟ್ಟಿ ಗೋಧಿ ಖಪಲಿ. ಇವುಗಳ ಶಾವಿಗೆ ಕುದಿಸಿದರೆ ಬೇಗ ಮುದ್ದೆಯಾಗುವುದಿಲ್ಲ. ಗೌಲಿ, ಶಾವಿಗೆ ಹೆಚ್ಚಾಗಿ ಹೋಗುವುದು ಪಾಯಸಕ್ಕೆ, ನಮ್ಮವರಲ್ಲಿ ಶೀರ್ ಖುರ್ಮಾಕ್ಕೆ. ಹಾಗೆಂದು ಗೋಧಿ ಹಿಟ್ಟನ್ನು ಸಾರಿನಲ್ಲಿ ಬೇಯಿಸುವುದು ಆ ಕಡೆ ಹೊಸದಲ್ಲ, ಲಟ್ಟಿಸಿ ಕತ್ತರಿಸಿದ ತುಂಡುಗಳನ್ನು ಬೇಳೆಯಲ್ಲಿ ಕುದಿಸುವ ಚಕೋಲ್ಯಾ ಇದೆ. ನಾನಿಮಾ ಕಾಯಿಲೆಯವರಿಗೆ ಅಳಣಿ ಕೊಡುವಾಗ ಒಂದು ಹಿಡಿ ಗೌಲಿ ಹಾಕಿ, ಕೊನೆಗೆ ನಿಂಬೆ ಹಿಂಡುತ್ತಿದ್ದರು. ನಿಂಬೆಗೆ ಆ ಕಡೆ ಬರವಿಲ್ಲ. ಗಡಿಯಾಚೆಯ ಇಂಡಿ ತಾಲೂಕು ನಿಂಬೆಗೇ ಹೆಸರಾದದ್ದು.

ಈಗ ಕರಾವಳಿಗೆ ಬರೋಣ. ಈ ಮೂರು ವಸ್ತುಗಳಿಗೂ ನಮ್ಮ ವ್ಯಾಪಾರದ ದಾರಿಗೂ ಹಳೆಯ ಸಂಬಂಧವಿದೆ. 14ನೇ ಶತಮಾನದಲ್ಲಿ ಮಂಗಳೂರಿಗೆ ಬಂದ ಇಬ್ನ್ ಬತೂತ, ಪಾರ್ಸ್ ಮತ್ತು ಯೆಮೆನಿನ ವ್ಯಾಪಾರಿಗಳು ಹೆಚ್ಚಾಗಿ ಇಲ್ಲೇ ಇಳಿಯುತ್ತಾರೆ, ಸುಮಾರು 4,000 ಮುಸ್ಲಿಮರು ಇಲ್ಲಿದ್ದಾರೆ ಎಂದು ಬರೆದಿದ್ದಾನೆ. ಅದಕ್ಕೂ ಮೊದಲೇ, 1154ರಲ್ಲಿ, ಭೂಗೋಳ ಬರೆದ ಅಲ್ ಇದ್ರೀಸಿ ಸಿಸಿಲಿ ದ್ವೀಪದ ತ್ರಾಬಿಯ ಎಂಬ ಊರಿನಲ್ಲಿ ಇತ್ರಿಯಾ ಎಂಬ ಒಣ ಶಾವಿಗೆ ಮಾಡಿ ಹಡಗುಗಳಲ್ಲಿ ಮುಸ್ಲಿಂ, ಕ್ರೈಸ್ತ ನಾಡುಗಳಿಗೆ ಕಳಿಸುತ್ತಿದ್ದುದನ್ನು ದಾಖಲಿಸಿದ್ದಾನೆ. ನಿಂಬೆಯ ಜಾತಿಯ ಹಣ್ಣುಗಳು ಪೂರ್ವದಿಂದ ಪಶ್ಚಿಮಕ್ಕೆ ಹೋದವು, ಇಂಗ್ಲಿಷಿನ ಲೆಮನ್ ಪದವೂ ಪಾರ್ಸಿಯ ಲೀಮೂ, ಅರಬಿಯ ಲೈಮೂನ್ ದಾಟಿ ಹೋದದ್ದೇ. ಕೋಳಿಸಾರಿನ ವಿಷಯಕ್ಕೆ ಬಂದರೆ, ಸಲಾಹುದ್ದೀನ್ ಅಯ್ಯೂಬಿಯ ಕಾಲದಲ್ಲಿ ಕೈರೋ ಆಸ್ಥಾನದ ವೈದ್ಯನಾಗಿದ್ದ ಯಹೂದಿ ವಿದ್ವಾಂಸ ಮೂಸಾ ಇಬ್ನ್ ಮೈಮೂನ್ (ಮರಣ 1204) ಅದನ್ನು ರೋಗಿಗಳಿಗೆ ಹೇಳುತ್ತಿದ್ದ. 2000ದಲ್ಲಿ ಅಮೆರಿಕದ ನೆಬ್ರಾಸ್ಕಾದ ವೈದ್ಯ ಸ್ಟೀಫನ್ ರೆನಾರ್ಡ್ ಮನೆಯ ಕೋಳಿಸೂಪನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಉರಿಯೂತಕ್ಕೆ ಕಾರಣವಾಗುವ ಒಂದು ಬಗೆಯ ಬಿಳಿ ರಕ್ತಕಣಗಳ ಓಡಾಟ ಅದರಿಂದ ಕಡಿಮೆಯಾಗುವುದನ್ನು ತೋರಿಸಿದರು. ಅದು ಪ್ರಯೋಗಾಲಯದ ಮಾತು, ಮನುಷ್ಯರ ಮೇಲಿನ ಪರೀಕ್ಷೆ ಅಲ್ಲ. ಸೂಪ್ ಕುಡಿದು ಔಷಧ ಬಿಡಬೇಡಿ.

ನಮ್ಮ ಮನೆಗಳಲ್ಲಿ ಗೋಧಿಯ ಜಾಗದಲ್ಲಿ ಅಕ್ಕಿ ಇದೆ. ಕುಂಞಿ ಪಿಂಡಿ ಎಂದರೆ ಮತ್ತೇನು? ಬೆರಳಲ್ಲಿ ಉರುಟು ಮಾಡಿದ ಅಕ್ಕಿಹಿಟ್ಟಿನ ಸಣ್ಣ ಉಂಡೆ, ಮಾಂಸದ ಸಾರಿನಲ್ಲಿ. ಮರವಡೆಯ ಗೌಲಿ ಮಾಡುವ ಬೆರಳಿಗೂ ಪಿಂಡಿ ಮಾಡುವ ನನ್ನ ಉಮ್ಮನ ಬೆರಳಿಗೂ ಕೆಲಸ ಒಂದೇ.

ಎರಡು ವರ್ಷದ ಹಿಂದೆ ಉಪ್ಪನಿಗೆ ನ್ಯುಮೋನಿಯಾ ಆಯಿತು. ನಲವತ್ತು ವರ್ಷ ದಿನಸಿ ಅಂಗಡಿಯ ಗಲ್ಲೆಯಲ್ಲಿ ಕೂತ ಮನುಷ್ಯ, ಆಸ್ಪತ್ರೆಯಿಂದ ಬಂದ ಮೇಲೆ ಗಂಜಿಯನ್ನೂ ದೂಡಿಬಿಡುತ್ತಿದ್ದರು. ಮರವಡೆಯಿಂದ ತಂದ ಗೌಲಿಯ ಡಬ್ಬಿ ಮನೆಯಲ್ಲಿತ್ತು. ನಾನು ಹೇಳಿದಂತೆ ಉಮ್ಮ ಅಳಣಿ ಮಾಡಿದರು. ಮೊದಲ ದಿನ ನಾಲ್ಕು ಚಮಚ, ಮೂರನೇ ದಿನ ಒಂದು ಬಟ್ಟಲು. ವಾರ ಕಳೆದು, "ಇದನ್ನು ಅಂಗಡಿಯಲ್ಲಿ ಇಡಬಹುದಲ್ಲ, ಎಲ್ಲಿ ಸಿಗುತ್ತದೆ?" ಎಂದು ಕೇಳಿದರು. ನಾನಿಮಾಗೆ ಫೋನ್ ಮಾಡಿದೆ. ಬೆರಳು ನಡುಗುತ್ತವೆ, ಈ ಬೇಸಿಗೆ ಗೌಲಿ ಮಾಡಲಿಲ್ಲ, ಸೊಸೆಯಂದಿರಿಗೆ ಕೂರಲು ಪುರುಸೊತ್ತಿಲ್ಲ ಎಂದರು. ಕಲ್ಯಾಣದ ದೊರೆ ಮೂರನೇ ಸೋಮೇಶ್ವರನ ಊಟದ ಮಾಂಸದ ಅಡುಗೆಗಳು 12ನೇ ಶತಮಾನದ ಮಾನಸೋಲ್ಲಾಸದಲ್ಲಿ ಬರೆದಿಟ್ಟಿವೆ. ಕಾಯಿಲೆಯವರನ್ನು ಎಬ್ಬಿಸಿ ಕೂರಿಸಿದ ಈ ಹೆಂಗಸರ ಅಡುಗೆಯನ್ನು ಬರೆದಿಟ್ಟವರು ಕಡಿಮೆ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಾಲ್ಕೈದು ಜನಕ್ಕೆ: ಎಲುಬು ಸಮೇತ ಒಂದು ಕಿಲೋ ಊರಕೋಳಿ, ಎರಡು ಲೀಟರ್ ನೀರು, ಒಂದು ಈರುಳ್ಳಿ, ಹೆಬ್ಬೆರಳಷ್ಟು ಶುಂಠಿ, ಆರು ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಅರಿಸಿನ, ಹತ್ತು ಕಾಳುಮೆಣಸು, ಉಪ್ಪು. ಮೊದಲ ಕುದಿಗೆ ಬರುವ ನೊರೆ ತೆಗೆದು, ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ ಬಿಡಿ. ಅಂಗಡಿಯ ಬ್ರಾಯ್ಲರ್ ಆದರೆ ಮುಕ್ಕಾಲು ಗಂಟೆ ಸಾಕು. ಜೋರು ಉರಿಯಲ್ಲಿ ಸಾರು ಕದಡುತ್ತದೆ, ನಿಧಾನವಾದರೆ ಎಲುಬಿನ ಅಂಟು ಬಿಟ್ಟು ತಿಳಿಯಾಗಿಯೇ ಮಂದವಾಗುತ್ತದೆ. ಸೋಸಿ, ಮಾಂಸ ಬಿಡಿಸಿ ಮತ್ತೆ ಹಾಕಿ. 100 ಗ್ರಾಂ ಗೌಲಿ, ಇಲ್ಲವಾದರೆ ಮುರಿದ ಗೋಧಿ ಶಾವಿಗೆ ಹಾಕಿ ಮೆತ್ತಗಾಗುವವರೆಗೆ ಬೇಯಿಸಿ. ನಿಂಬೆಯನ್ನು ಒಲೆ ಆರಿಸಿದ ಮೇಲೆ ಹಿಂಡಿ. ಕುದಿಯುವಾಗ ಹಿಂಡಿದರೆ ಪರಿಮಳ ಹಾರಿಹೋಗುತ್ತದೆ.

ನಿಮ್ಮ ಉಮ್ಮ, ಉಮ್ಮಮ್ಮ ಕಾಯಿಲೆಯವರಿಗೆ ಏನು ಮಾಡಿಕೊಡುತ್ತಿದ್ದರು ಎಂದು ಈ ವಾರವೇ ಕೇಳಿ. ಹೆಸರು, ಅಳತೆ, ಬೆರಳು ಆಡಿಸುವ ಕ್ರಮ ಎಲ್ಲವನ್ನೂ ಬ್ಯಾರಿಯಲ್ಲಾಗಲಿ ಕನ್ನಡದಲ್ಲಾಗಲಿ ಬರೆದಿಡಿ, ಆಗುವುದಾದರೆ ವಿಡಿಯೋ ಮಾಡಿ. ಗೌಲಿ ಚಿವುಟುವುದನ್ನು ಕಲಿತುಬರಲು ನಾನೂ ಉಮ್ಮನೂ ಬರುವ ಬೇಸಿಗೆಯಲ್ಲಿ ಮರವಡೆಗೆ ಹೊರಟಿದ್ದೇವೆ.